ಕ್ಲೀಟಿನ ಎರಡು ಮಿಲಿಮೀಟರ್

‘ಕ್ಲಿಪ್‌ಲೆಸ್’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಈ ಪೆಡಲ್ ಮೇಲೆ ಕಾಲಿಟ್ಟರೆ ಶೂ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಇಲ್ಲದಿರುವುದು ಹಳೆಯ ಕಾಲದ ಬೆರಳುಗೂಡು ಮತ್ತು ಪಟ್ಟಿ ಮಾತ್ರ. ಸ್ಕೀಯಿಂಗ್ ಬೂಟುಗಳನ್ನು ಹಿಡಿದಿಡುವ ಬೈಂಡಿಂಗ್ ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ ಇನೋ ಆ ಪೆಡಲ್ ತುಳಿದೇ ಟೂರ್ ಡಿ ಫ್ರಾನ್ಸ್ ಗೆದ್ದ. ಅಲ್ಲಿಂದ ಮುಂದೆ ಪೆಡಲ್‌ನ ಬಗ್ಗೆ ನಡೆದಷ್ಟು ಚರ್ಚೆ ಶೂ ತಳಕ್ಕೆ ಬಿಗಿಯುವ ಆ ಪುಟ್ಟ ಕ್ಲೀಟ್ ಬಗ್ಗೆ ನಡೆಯಲಿಲ್ಲ. ಮಂಡಿಯ ಕ್ಷೇಮ ನಿಂತಿರುವುದು ಮಾತ್ರ ಬಹುಮಟ್ಟಿಗೆ ಅದರ ಮೇಲೆ. ಶೂ ಮೇಲಿನ ಗುರುತು ನೋಡಿ ನಡುಮಧ್ಯಕ್ಕೆ ಬಿಗಿದುಬಿಡುವ ಅಭ್ಯಾಸ ತಪ್ಪು. ಆ ಗುರುತು ಶೂವಿನದು, ನಿಮ್ಮ ಪಾದದ್ದಲ್ಲ.

ಎರಡು ಮಿಲಿಮೀಟರ್ ಆಚೀಚೆಯಾದರೆ ಏನಂತೆ, ದೇಹ ಹೊಂದಿಕೊಳ್ಳುತ್ತದೆ ಎನ್ನುವವರಿದ್ದಾರೆ. ನಡೆಯುವಾಗಿನ ಮಟ್ಟಿಗೆ ಅದು ನಿಜ, ಏಕೆಂದರೆ ಪ್ರತಿ ಹೆಜ್ಜೆಯೂ ತುಸು ಬೇರೆ ಬೇರೆಯಾಗಿ ಬೀಳುತ್ತದೆ. ಕ್ಲೀಟ್ ಹಾಕಿದ ಕಾಲಿಗೆ ಆ ಸ್ವಾತಂತ್ರ್ಯವಿಲ್ಲ. ನಿಮಿಷಕ್ಕೆ 90 ಸುತ್ತಿನಂತೆ ತುಳಿದರೆ ಗಂಟೆಗೆ 5,400 ಸಲ ಒಂದೇ ಕೋನದಲ್ಲಿ ಮಂಡಿ ಮಡಿಸಿ ಬಿಡಿಸಬೇಕು. ಪಾದ ಸಹಜವಾಗಿ ಹೊರಮುಖವಾಗಿದ್ದು ಕ್ಲೀಟ್ ಅದನ್ನು ನೇರ ಹಿಡಿದರೆ, ಆ ತಿರುಚಿನ ಭಾರ ಹೊರುವುದು ಮಂಡಿ.

ಹಾಗಾದರೆ ಪಾದವನ್ನು ಓದುವುದು ಹೇಗೆ? ಶೂ ತೊಟ್ಟು ಹೆಬ್ಬೆರಳಿನ ಬುಡದ ಗಂಟನ್ನು ಬೆರಳಿನಿಂದ ಒತ್ತಿ ಹುಡುಕಿ, ಅಲ್ಲಿ ಪೆನ್ನಿನಿಂದ ಗುರುತು ಹಾಕಿ. ಕಿರುಬೆರಳಿನ ಬುಡಕ್ಕೂ ಹಾಗೆಯೇ. ಪೆಡಲ್‌ನ ಅಚ್ಚು ಈ ಎರಡರ ನಡುವೆ ಬರಲಿ. ಇನ್ನೂ ಮುಂದೆ, ಬೆರಳುಗಳ ಕಡೆಗೆ ಹೋದರೆ ಮೀನಖಂಡ ದಣಿಯುತ್ತದೆ. ಕೋನಕ್ಕೆ, ಎತ್ತರದ ಮೇಜಿನ ಅಂಚಿನಲ್ಲಿ ಕುಳಿತು ಕಾಲು ಇಳಿಬಿಡಿ: ಪಾದ ಯಾವ ಕಡೆ ತಿರುಗುತ್ತದೋ ಅದೇ ಅದರ ಇಷ್ಟ. ಎರಡೂ ಕಾಲಿನದು ಒಂದೇ ಆಗಿರಬೇಕೆಂದೇನಿಲ್ಲ.

ಕ್ಲೀಟ್‌ನಲ್ಲೇ ಹಿಮ್ಮಡಿ ಅಲುಗಲು ಜಾಗವಿರುವಾಗ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಶಿಮಾನೊದ ರೋಡ್ ಕ್ಲೀಟ್‌ಗಳಲ್ಲಿ ಹಳದಿ 6 ಡಿಗ್ರಿ ಅಲುಗುತ್ತದೆ, ನೀಲಿ 2, ಕೆಂಪು ಸೊನ್ನೆ. ಹೊಸಬರಿಗೆ ಹಳದಿಯೇ ಸರಿ. ಆದರೆ ಕೋನವೇ ತಪ್ಪಿದ್ದರೆ ಪಾದ ಆ 6 ಡಿಗ್ರಿಯ ಒಂದು ತುದಿಗೆ ಒತ್ತಿಕೊಂಡೇ ಇರುತ್ತದೆ. ಸಲಿಗೆ ಇದ್ದೂ ಇಲ್ಲದಂತೆ. ಕೆಂಪು ಹಾಕಿದರೆ ಬಲ ಪೋಲಾಗದು ಎಂಬ ವಾದವಂತೂ ರೇಸ್ ಓಡಿಸುವವರಿಗೆ ಬಿಟ್ಟದ್ದು.

ಬೋಲ್ಟ್‌ಗೆ ಚೂರು ಗ್ರೀಸ್ ಸವರಿ, 5ರಿಂದ 6 ನ್ಯೂಟನ್ ಮೀಟರ್‌ನಷ್ಟು ಬಿಗಿ ಮಾಡಿ, ಮೊದಲ ಕೆಲವು ಸವಾರಿಗಳಿಗೆ ಅಲೆನ್ ಕೀ ಜೇಬಿನಲ್ಲಿರಲಿ. ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್. ಸರಿಹೋದ ದಿನ ಕ್ಲೀಟ್ ಸುತ್ತ ಪೆನ್ನಿನಿಂದ ಗೆರೆ ಎಳೆದಿಡಿ. ಸವೆದ ಕ್ಲೀಟ್ ಬದಲಿಸುವಾಗ ಆ ಗೆರೆಯೇ ಬೇಕಾಗುತ್ತದೆ.