ಹಾಲು ಮಾರುವವನು ಉಳಿಸಿದ ಬೇಸಿಗೆಯ ಪಾನೀಯ

ಒಂದು ಊರಿನ ರುಚಿ ಆ ಊರಿನಿಂದಲೇ ಮರೆಯಾಗಬಲ್ಲದೇ? ಮರೆಯಾದದ್ದು ಮರಳಿ ಬರಬಲ್ಲದೇ? ಬೆಲ್ಜಿಯಂ ದೇಶದ ಹೂಗಾರ್ಡನ್ ಎಂಬ ಹಳ್ಳಿಯ ವೃತ್ತಾಂತವು ಈ ಎರಡು ಪ್ರಶ್ನೆಗಳಿಗೂ ಉತ್ತರ ನೀಡುವುದರಿಂದ ವಾಚಕರೊಡನೆ ಅದನ್ನು ಹಂಚಿಕೊಳ್ಳಬಯಸುತ್ತೇವೆ.

ರಾಜಧಾನಿ ಬ್ರಸೆಲ್ಸ್‌ಗೆ ಪೂರ್ವದಲ್ಲಿರುವ ಈ ಹಳ್ಳಿಯಲ್ಲಿ 1445ರಷ್ಟು ಹಿಂದೆಯೇ ಬಿಯರ್ ತಯಾರಾಗುತ್ತಿತ್ತೆಂದು ದಾಖಲೆಗಳು ತಿಳಿಸುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಇಷ್ಟು ಚಿಕ್ಕ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಗೋಧಿಯ ಅಂಶದಿಂದ ನೀರುಮಜ್ಜಿಗೆಯಂತೆ ಮಸುಕಾಗಿ ಕಾಣುವ ಇಲ್ಲಿನ ಪಾನೀಯಕ್ಕೆ 'ಬಿಳಿ ಬಿಯರ್' ಎಂದೇ ಹೆಸರು. ಕೊತ್ತಂಬರಿ ಬೀಜ ಹಾಗೂ ಕಹಿಕಿತ್ತಳೆಯ ಒಣಸಿಪ್ಪೆ ಇದರ ವಿಶೇಷ ಮಸಾಲೆ. ಸಿಪ್ಪೆ ಬರುತ್ತಿದ್ದುದು ಡಚ್ಚರ ವಸಾಹತಾಗಿದ್ದ ದೂರದ ಕುರಾಸಾವ್ ದ್ವೀಪದಿಂದ. ಬೇಸಿಗೆಯ ದಾಹಕ್ಕೆ ಹಗುರವಾಗಿ ಒದಗುವ ಪಾನೀಯವಿದು.

ಇದರ ವಿಧಾನವು ಹಿಟ್ಟು ಹುದುಗಿಸಿ ಬಲ್ಲ ನಮ್ಮ ಗೃಹಿಣಿಯರಿಗೆ ತೀರ ಅಪರಿಚಿತವೆನಿಸದು. ಇಪ್ಪತ್ತು ಲೀಟರಿಗೆ ಸುಮಾರು ಎರಡೂವರೆ ಕಿಲೋ ಬಾರ್ಲಿಯ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಹಸಿ ಗೋಧಿ ಬೇಕು. ಇವನ್ನು ನುಚ್ಚು ಮಾಡಿ, ಸುಮಾರು 66 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ, ಮೊಳಕೆಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಸಿಹಿರಸವನ್ನು ಸೋಸಿ, ಸ್ವಲ್ಪ ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸುತ್ತಾರೆ. ಕೊನೆಯ ಐದು ನಿಮಿಷಗಳಲ್ಲಿ ಮಾತ್ರ ಜಜ್ಜಿದ ಕೊತ್ತಂಬರಿ ಮತ್ತು ಸಿಪ್ಪೆ ತಲಾ ಇಪ್ಪತ್ತೈದು ಗ್ರಾಂನಷ್ಟು ಬೀಳುತ್ತವೆ. ಮೊದಲೇ ಹಾಕಿದರೆ ಪರಿಮಳವೆಲ್ಲ ಆವಿಯೊಡನೆ ಹೋಗಿಬಿಡುತ್ತದೆ. ಇಪ್ಪತ್ತು ಡಿಗ್ರಿಗೆ ತಣಿದ ಮೇಲೆ ಯೀಸ್ಟ್ ಸೇರಿಸಿ ಒಂದೆರಡು ವಾರ ಕಾಯಬೇಕು. ಹುದುಗು ಮುಗಿಯುವ ಮೊದಲೇ ಅವಸರದಿಂದ ಬಾಟಲಿಗೆ ತುಂಬಿದರೆ ಗಾಜು ಸಿಡಿಯುತ್ತದೆ. ಇಲ್ಲಿ ಶುಚಿತ್ವ ಅರ್ಧ ವಿದ್ಯೆಯಾದರೆ, ತಾಳ್ಮೆ ಇನ್ನರ್ಧ.

ಇಂತಹ ವಿದ್ಯೆಯೇ ಅಳಿಯಿತು. ದೊಡ್ಡ ಕಾರ್ಖಾನೆಗಳ ತಿಳಿಯಾದ, ಹೊಂಬಣ್ಣದ ಬಿಯರ್ ಎಲ್ಲೆಡೆ ಹಬ್ಬಿತು. 1950ರ ದಶಕದಲ್ಲಿ ಹೂಗಾರ್ಡನ್ನಿನ ಕೊನೆಯ ಬಿಳಿ ಬಿಯರ್ ಬ್ರೂವರಿಯಾದ ತೊಮ್ಸಿನ್ ಬಾಗಿಲು ಮುಚ್ಚಿತು. ಆ ಬ್ರೂವರಿಯ ನೆರೆಯಲ್ಲೇ ಬೆಳೆದು, ಎಳೆಯ ವಯಸ್ಸಿನಲ್ಲಿ ಅಲ್ಲಿ ಕೈನೆರವು ನೀಡಿದ್ದವರು ಪಿಯೆರ್ ಸೆಲಿಸ್. ವೃತ್ತಿಯಿಂದ ಹಾಲು ಮಾರುವವರು. ಕಂಡದ್ದನ್ನು, ಮಾಡಿದ್ದನ್ನು ನೆನಪಿಸಿಕೊಂಡು ಅವರು ತಮ್ಮ ಹುಲ್ಲಿನ ಅಟ್ಟದಲ್ಲೇ ಬಿಳಿ ಬಿಯರನ್ನು ಮತ್ತೆ ತಯಾರಿಸಿದರು. 1966ರಲ್ಲಿ ಅದು ಜನರ ಕೈಸೇರಿತು. ಒಬ್ಬ ಮನುಷ್ಯನ ನೆನಪಿನಿಂದ ಒಂದು ಊರಿನ ರುಚಿ ಮರುಹುಟ್ಟು ಪಡೆಯಿತು.

ಮುಂದೆ 1985ರಲ್ಲಿ ಬೆಂಕಿ ಅನಾಹುತ ಸಂಭವಿಸಿತು. ಮರುನಿರ್ಮಾಣಕ್ಕೆ ನೆರವಾದ ದೊಡ್ಡ ಕಂಪನಿಗೇ ಕೊನೆಗೆ ಸಂಸ್ಥೆಯನ್ನು ಮಾರಿ, ಸೆಲಿಸ್ ಅಮೆರಿಕಕ್ಕೆ ತೆರಳಿದರು. 1992ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅದೇ ಬಿಯರನ್ನು ಪುನಃ ಆರಂಭಿಸಿದರು. ಇತ್ತ 2005ರಲ್ಲಿ ತಯಾರಿಕೆಯನ್ನು ಹೂಗಾರ್ಡನ್ನಿನಿಂದ ಬೇರೆಡೆಗೆ ಸಾಗಿಸುವ ನಿರ್ಧಾರ ಪ್ರಕಟವಾದಾಗ ಊರವರು ಪ್ರತಿಭಟಿಸಿದರು. 2007ರಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಳ್ಳಲಾಯಿತು. ಸೆಲಿಸ್ 2011ರಲ್ಲಿ ನಿಧನರಾದರು. ಇಂದು ಬೆಂಗಳೂರಿನ ಸಣ್ಣ ಬ್ರೂವರಿಗಳಲ್ಲೂ ಕೊತ್ತಂಬರಿ, ಕಿತ್ತಳೆಸಿಪ್ಪೆಯ ಬಿಯರ್ ದೊರೆಯುತ್ತದೆ.

ಪ್ರತಿಯೊಂದು ವಸ್ತುವಿಗೂ ದ್ರವ್ಯವೂ ರೂಪವೂ ಉಂಟೆಂದು ಅರಿಸ್ಟಾಟಲ್ ಬೋಧಿಸಿದನು. ಗೋಧಿ, ಕೊತ್ತಂಬರಿ, ಸಿಪ್ಪೆ ಇವೆಲ್ಲ ದ್ರವ್ಯ. ತೊಮ್ಸಿನ್ ಮುಚ್ಚಿದ ಮರುದಿನವೂ ಇವು ಅಂಗಡಿಯಲ್ಲಿ ಸಿಗುತ್ತಿದ್ದವು. ಇಲ್ಲವಾದದ್ದು ರೂಪ. ಅದು ಬಲ್ಲವನ ಕೈಯಲ್ಲಿ, ಮೂಗಿನಲ್ಲಿ, ನಾಲಿಗೆಯಲ್ಲಿ ನೆಲೆಸಿರುತ್ತದೆ. ಕರಾವಳಿಯ ನಮ್ಮ ಮನೆಗಳಲ್ಲಿ ಕಳ್ಳು ಬೆರೆಸಿ ಹುದುಗಿಸುತ್ತಿದ್ದ ಸಣ್ಣಗಳಿಗೆ ಈಗ ಬಹುಪಾಲು ಯೀಸ್ಟ್ ಬಂದಿದೆ. ಕಳ್ಳಿನ ಹದ ಬಲ್ಲ ಅಜ್ಜಿಯಂದಿರು ಇನ್ನೂ ಕೆಲವರಿದ್ದಾರೆ. ಅವರ ಬಳಿ ಕುಳಿತು ಕಲಿತವರೆಷ್ಟು ಮಂದಿ?

ಇಲ್ಲಿ ಎರಡು ಮಾತು ಅವಶ್ಯ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಮೇಲಿನ ವಿಧಾನವು ತಿಳಿವಿಗಾಗಿಯೇ ಹೊರತು ಪ್ರಯೋಗಕ್ಕಲ್ಲ. ಎರಡನೆಯದಾಗಿ, ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ ನಲವತ್ತನೆಯ ಅಧ್ಯಾಯದಲ್ಲಿ ಸನ್ಯಾಸಿಗಳಿಗೆ ದ್ರಾಕ್ಷಾರಸವನ್ನು ನಿಷೇಧಿಸದೆ, ದಿನದ ಅಳತೆಯನ್ನು ಗೊತ್ತುಪಡಿಸಿದರು. ವರ್ಜಿಸಬಲ್ಲವರಿಗೆ ವಿಶೇಷ ಪ್ರತಿಫಲವುಂಟೆಂದರು. ಕುಡಿತದಿಂದ ನೊಂದ ಕುಟುಂಬಗಳು ನಮ್ಮ ನಡುವೆ ಇರುವಾಗ ಈ ವಿವೇಕವನ್ನು ಮರೆಯಲಾಗದು.

ಅಟ್ಟದ ಮೇಲೆ ಹಂಡೆಯೇರಿಸಿದ ಆ ಹಾಲಿನವರು ಹತ್ತು ವರ್ಷಗಳಷ್ಟು ಹಳೆಯ ನೆನಪನ್ನು ಹಿಡಿದುಕೊಂಡಿದ್ದರು. ಇನ್ನೂ ಮೂವತ್ತು ವರ್ಷ ಕಳೆದಿದ್ದರೆ ಆ ಹದವನ್ನು ಕೇಳಲು ಊರಿನಲ್ಲಿ ಯಾರಿರುತ್ತಿದ್ದರು? ನಮ್ಮ ಹಿರಿಯರಿಂದ ಕಲಿಯಬೇಕಾದುದನ್ನು ಈ ಬೇಸಿಗೆಯ ರಜೆಯಲ್ಲೇ ಕೇಳಿ ಕಲಿಯೋಣ.