ಕೊಸರಿನ ಗುಬ್ಬಿ

ಧರ್ಮಗ್ರಂಥಗಳನ್ನು ವಿಸ್ತಾರವಾಗಿ ಓದಲು ಎಲ್ಲರಿಗೂ ಅವಕಾಶವುಂಟಾಗದು. ಆದರೆ ಹಿತ್ತಿಲ ಬಾಗಿಲನ್ನು ತೆರೆದು ಹಕ್ಕಿಗಳನ್ನು ನೋಡಲಾಗದ ಗೃಹಸ್ಥರು ವಿರಳ. ಕ್ರಿಸ್ತಸ್ವಾಮಿಯು ದೇವರ ಪರಿಪಾಲನೆಯ ಮರ್ಮವನ್ನು ಜನರಿಗೆ ತಿಳಿಯಹೇಳುವಾಗ ಅಪೂರ್ವವಾದ ಪಕ್ಷಿಗಳನ್ನು ಅರಸಿಕೊಂಡು ಹೋಗಲಿಲ್ಲ. ಕಾಗೆ, ಗುಬ್ಬಿ, ಮನೆಯ ಕೋಳಿ, ಇವುಗಳನ್ನೇ ಎತ್ತಿ ತೋರಿಸಿದನು. ಈ ಮೂರು ಗುರುಗಳು ನಮ್ಮ ನಾಡಿನ ಹಿತ್ತಿಲುಗಳಲ್ಲಿಯೂ ಉಂಟಷ್ಟೆ. ಅವುಗಳ ಪಾಠವೇನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಮೊದಲು ಕಾಗೆ. ಯಾಜಕಕಾಂಡದ 11ನೆಯ ಅಧ್ಯಾಯದಂತೆ ಅದು ಯೆಹೂದ್ಯರಿಗೆ ಅಶುದ್ಧವಾದ ಪಕ್ಷಿ. ಹಾಗಿದ್ದೂ, ಬಿತ್ತದ, ಕೊಯ್ಯದ, ಕಣಜವಿಲ್ಲದ ಆ ಪಕ್ಷಿಯನ್ನು ದೇವರೇ ಸಾಕುವನೆಂದು ಪ್ರಭುವು ಬೋಧಿಸಿದನು. ಇದು ಸೋಮಾರಿಗಳಿಗೆ ಅನುಕೂಲವಾದ ಮಾತೆಂದು ಕೆಲವರು ಎಣಿಸುವರು. ಅವರು ಒಂದು ದಿನ ಕಾಗೆಯನ್ನು ನೋಡಲಿ! ನಸುಕಿನಲ್ಲಿ ಎದ್ದ ಕಾಗೆಗೆ ಕತ್ತಲಾಗುವವರೆಗೆ ಬಿಡುವಿಲ್ಲ. ದೇವರು ಅದಕ್ಕೆ ಆಹಾರವನ್ನು ಕೊಡುವನೇ ಹೊರತು ಗೂಡಿನೊಳಕ್ಕೆ ತಂದು ಸುರಿಯುವುದಿಲ್ಲ. ಆದುದರಿಂದ ಪ್ರಭುವು ನಿಷೇಧಿಸಿದುದು ದುಡಿಮೆಯನ್ನಲ್ಲ, ಚಿಂತೆಯನ್ನು.

ಅಮರಕೋಶದಲ್ಲಿ ಕಾಗೆಗೆ ‘ಪರಭೃತ್’ ಎಂದೂ ಕೋಗಿಲೆಗೆ ‘ಪರಭೃತ’ ಎಂದೂ ಹೆಸರುಗಳುಂಟು. ಮೊದಲನೆಯದಕ್ಕೆ ಪರರನ್ನು ಸಾಕುವುದೆಂದು ಅರ್ಥ. ಎರಡನೆಯದಕ್ಕೆ ಪರರಿಂದ ಸಾಕಲ್ಪಟ್ಟದ್ದೆಂದು ಅರ್ಥ. ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ತಿಳಿದ ಸಂಗತಿ. ಮಳೆಗಾಲದಲ್ಲಿ, ಹಾರಲು ಕಲಿತ ಕೋಗಿಲೆಮರಿಯು ಕೊಂಬೆಯ ಮೇಲೆ ಕುಳಿತು ರೆಕ್ಕೆಯನ್ನು ನಡುಗಿಸುತ್ತ ಬಾಯ್ದೆರೆಯುವುದನ್ನೂ, ಕಾಗೆಯು ಅದಕ್ಕೆ ಗುಟುಕನ್ನಿಡುವುದನ್ನೂ ನಾವು ಅನೇಕಾವರ್ತಿ ಕಂಡಿರುವೆವು. ಕಾಗೆಗೆ ಇದು ತಿಳಿದು ಮಾಡುವ ಧರ್ಮವಲ್ಲ, ನಿಜ. ಆದರೂ ಪ್ರವಾದಿಯಾದ ಎಲೀಯನು ಕೆರೀತ್ ಹಳ್ಳದ ಬಳಿಯಲ್ಲಿ ಅಡಗಿದ್ದಾಗ ಅವನಿಗೆ ರೊಟ್ಟಿಯನ್ನೂ ಮಾಂಸವನ್ನೂ ತಂದುಕೊಟ್ಟವು ಕಾಗೆಗಳೇ ಎಂಬುದನ್ನು ಓದುವಾಗ ‘ಪರಭೃತ್’ ಎಂಬ ಹೆಸರು ನಮ್ಮ ನೆನಪಿಗೆ ಬಾರದಿರದು. ಹಸಿದವನಿಗೆ ದೇವರು ಯಾರ ಕೈಯಿಂದ ಉಣಿಸುವನೋ ಬಲ್ಲವರಾರು?

ಇನ್ನು ಗುಬ್ಬಿ. ಆ ಕಾಲದ ಪ್ಯಾಲೆಸ್ತೀನದ ಪೇಟೆಗಳಲ್ಲಿ ಗುಬ್ಬಿಗಳು ಬಡವರ ಆಹಾರವಾಗಿ ಮಾರಾಟವಾಗುತ್ತಿದ್ದುವು. ಎರಡು ಗುಬ್ಬಿಗೆ ಒಂದು ಅಸ್ಸಾರಿಯೋನ್ ಎಂಬುದು ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಿಂದ ತಿಳಿಯುವುದು. ಅದು ರೋಮನರ ಒಂದು ಕಿರುನಾಣ್ಯ. ಅಂತಹವು 16 ಸೇರಿದರೆ ಒಂದು ದಿನಾರ, ಅಂದರೆ ಕೂಲಿಯವನ ಒಂದು ದಿನದ ಸಂಬಳ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಾದರೋ ಎರಡು ನಾಣ್ಯಕ್ಕೆ ಐದು ಗುಬ್ಬಿಗಳೆಂದಿದೆ. ಸಂತೆಗೆ ಹೋಗಿ ಬರುವ ಗೃಹಿಣಿಯರು ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಗ್ರಹಿಸುವರು. ಎರಡು ನಾಣ್ಯಕ್ಕೆ ನ್ಯಾಯವಾಗಿ ಸಲ್ಲುವುದು ನಾಲ್ಕು, ಐದನೆಯದು ಕೊಸರು! ಅದಕ್ಕೆ ಬೆಲೆಯೇ ಇಲ್ಲ. ಆ ಕೊಸರಿನ ಗುಬ್ಬಿಯನ್ನು ಸಹ ದೇವರು ಮರೆಯುವುದಿಲ್ಲವೆಂಬುದೇ ಪ್ರಭುವಿನ ಅಭಿಪ್ರಾಯ.

ಆದರೆ ಇಲ್ಲಿ ಒಂದು ಕಠಿನವಾದ ಪ್ರಶ್ನೆಯುಂಟು. ಹಂಚಿನ ಸಂದಿಯ ಗೂಡಿನಿಂದ ಗುಬ್ಬಿಯ ಮರಿಗಳು ಅಂಗಳಕ್ಕೆ ಬಿದ್ದು ಸಾಯುವುದುಂಟು. ಬೆಕ್ಕಿನ ಪಾಲಾಗುವುವೂ ಉಂಟು. ದೇವರು ಮರೆಯನೆಂದರೆ ಬೀಳಗೊಡಬಹುದೆ? ಸುವಾರ್ತೆಯನ್ನು ಎಚ್ಚರದಿಂದ ಓದಿರಿ. ಗುಬ್ಬಿಯು ಬೀಳದೆಂದು ಪ್ರಭುವು ಎಲ್ಲಿಯೂ ಹೇಳಲಿಲ್ಲ. ತಂದೆಯನ್ನು ಬಿಟ್ಟು ಬೀಳದೆಂದಷ್ಟೇ ಹೇಳಿದನು. ಈ ಮಾತನ್ನಾಡಿದುದಾದರೂ ಯಾವಾಗ? ಹನ್ನೆರಡು ಮಂದಿ ಶಿಷ್ಯರನ್ನು ಸೇವೆಗೆ ಕಳುಹಿಸುತ್ತ, ಅವರಿಗೆ ಒದಗಲಿರುವ ಕೊರಡೆಯೇಟುಗಳನ್ನೂ ಮರಣವನ್ನೂ ಮುಚ್ಚಿಡದೆ ತಿಳಿಸಿದಾಗ. ಹಾಗೆ ತಿಳಿಸಿದಾತನೂ ಶಿಲುಬೆಯಿಂದ ತಪ್ಪಿಸಿಕೊಳ್ಳಲಿಲ್ಲ.

ಈ ಭೇದವು ಪಂಡಿತರ ವಿನೋದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ನಮಗೆ ಪರಿಚಿತವಾದ ಮನೆಯೊಂದರಲ್ಲಿ ಏಳು ವರುಷದ ಮಗುವು ಜ್ವರದಿಂದ ತೀರಿಕೊಂಡಿತು. ಸಂತೈಸಲು ಬಂದವರೊಬ್ಬರು, ಇನ್ನೂ ದೃಢವಾದ ನಂಬಿಕೆಯಿಂದ ಪ್ರಾರ್ಥಿಸಿದ್ದರೆ ಮಗುವು ಉಳಿಯುತ್ತಿತ್ತೆಂದು ನುಡಿದರು. ಆ ತಾಯಿಯು ಬಹುಕಾಲ ದೇವಾಲಯದ ಕಡೆಗೆ ಮುಖವನ್ನೇ ಹಾಕಲಿಲ್ಲ. ಮಗುವನ್ನು ಕಳೆದುಕೊಂಡವಳ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವುದು ಎಂತಹ ಸಾಂತ್ವನ! ಬಿದ್ದ ಗುಬ್ಬಿಯನ್ನು ಕುರಿತು ಪ್ರಭುವು ಅದರ ನಂಬಿಕೆಯನ್ನು ಅಳೆಯಲಿಲ್ಲ, ಬಿದ್ದೆಡೆಯಲ್ಲಿ ತಂದೆಯಿರುವನೆಂದನು. ಅಂತಹ ಮನೆಯಲ್ಲಿ ಹೇಳಬಹುದಾದುದು ಇಷ್ಟೇ. ಇದನ್ನೂ ಮೆಲ್ಲನೆ, ಸಮಯವರಿತು ಹೇಳಬೇಕು.

ಕೊನೆಯದು ಕೋಳಿ. ಹೇಂಟೆಯು ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವಂತೆ ಯೆರೂಸಲೇಮಿನ ಮಕ್ಕಳನ್ನು ಕೂಡಿಸಿಕೊಳ್ಳಲು ತನಗೆ ಮನಸ್ಸಿದ್ದರೂ ಅವರು ಒಲ್ಲದೆ ಹೋದರೆಂದು ಪ್ರಭುವು ದುಃಖಿಸಿದನು. ಹದ್ದಿನ ನೆರಳು ಅಂಗಳದ ಮೇಲೆ ಸುಳಿದಾಗ ಹೇಂಟೆಯನ್ನು ನೋಡಿರಿ. ಅದಕ್ಕೆ ಹದ್ದಿನ ಉಗುರಿಲ್ಲ, ಕೊಕ್ಕಿಲ್ಲ; ಇರುವುದು ತನ್ನ ಮೈಯೊಂದೇ. ಅದನ್ನೇ ಮರಿಗಳಿಗೂ ಆಪತ್ತಿಗೂ ನಡುವೆ ಇಡುವುದು. ಏಟು ಬೀಳುವುದಾದರೆ ಮೊದಲು ತಾಯಿಯ ರೆಕ್ಕೆಗೆ. ಶಿಲುಬೆಯ ತಾತ್ಪರ್ಯವನ್ನು ಇದಕ್ಕಿಂತ ಸುಲಭವಾಗಿ ಮಕ್ಕಳಿಗೆ ತಿಳಿಸುವ ದೃಷ್ಟಾಂತವನ್ನು ನಾವು ಕಾಣೆವು.

ಇಂತಹ ಗುರುಗಳಿಗೆ ನಾವು ಸಲ್ಲಿಸುವ ದಕ್ಷಿಣೆಯೇನು? ಪಟ್ಟಣಗಳಲ್ಲಿ ಗುಬ್ಬಿಗಳು ವಿರಳವಾಗುತ್ತಿರುವುವು. 2010ರಿಂದ ಮಾರ್ಚಿ 20ನೆಯ ದಿನವನ್ನು ಗುಬ್ಬಿಗಳ ದಿನವೆಂದು ಆಚರಿಸುತ್ತಿರುವರು. ಸಂದಿಗಳಿಲ್ಲದ ಸಿಮೆಂಟಿನ ಮನೆಗಳಲ್ಲಿ ಅವಕ್ಕೆ ಗೂಡಿಗೆ ಎಡೆಯಿಲ್ಲ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಹುಳುಗಳನ್ನೇ ತಿನ್ನಿಸಬೇಕಾಗಿರುವುದರಿಂದ, ಗಿಡಗಳಿಗೆ ವಿಷವನ್ನು ಸಿಂಪಡಿಸುವಲ್ಲಿ ಅವು ಬಾಳಲಾರವು. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರು, ಸೂರಿನಡಿಯಲ್ಲಿ ಒಂದು ಪೆಟ್ಟಿಗೆ, ಕಳೆಗಿಡಗಳನ್ನು ಕೀಳದೆ ಬಿಟ್ಟ ಹಿತ್ತಿಲ ಒಂದು ಮೂಲೆ, ಇಷ್ಟನ್ನು ಬಡವರೂ ಒದಗಿಸಬಲ್ಲರು.

ಮತ್ತು ನೆರೆಮನೆಯಲ್ಲಿ ಶೋಕವುಂಟಾದಾಗ, ವಾಚಕರೇ, ಉಪದೇಶವನ್ನು ಮನೆಯಲ್ಲಿಯೇ ಬಿಟ್ಟು, ಒಂದು ಪಾತ್ರೆ ಗಂಜಿಯನ್ನು ಮಾತ್ರ ಕೊಂಡುಹೋಗಿರಿ.