ನಡೆಯುವ ಜನ

1937ರಲ್ಲಿ ಐರ್ಲೆಂಡಿನ ಶಾಲಾಮಕ್ಕಳಿಗೆ ಹೊಸತೊಂದು ಮನೆಗೆಲಸ ದೊರೆಯಿತು: ಮನೆಯ ಹಿರಿಯರನ್ನು ಕೇಳಿ ಹಳೆಯ ಸಂಗತಿಗಳನ್ನು ಬರೆದು ತರಬೇಕು. ಐರಿಷ್ ಜಾನಪದ ಆಯೋಗದ ಈ ಯೋಜನೆಯಲ್ಲಿ ಸುಮಾರು 5,000 ಶಾಲೆಗಳು ಸೇರಿದವು. ಕೇಳಬೇಕಾದ ವಿಷಯಗಳಲ್ಲಿ ಬಾಗಿಲಿಗೆ ಬರುವ ಅಲೆಮಾರಿಗಳದ್ದೂ ಒಂದು. ಐರಿಷ್ ಭಾಷೆಯಲ್ಲಿ ಅವರು 'ಲುಖ್ತ್ ಶೂಲ್', ಅಂದರೆ ನಡೆಯುವ ಜನ.

ಸೂಜಿ, ದಾರ, ಬಾಚಣಿಗೆ, ಸಂತರ ಪಟಗಳನ್ನು ಹೊತ್ತು ಮಾರುವವನು, ತೂತಾದ ಪಾತ್ರೆಗೆ ಬೆಸುಗೆ ಹಾಕುವ ತಗಡುಗೆಲಸದವನು, ಬರಿಗೈಯ ಭಿಕ್ಷುಕ - ಎಲ್ಲರಿಗೂ ಆ ಹೆಸರು ಸಲ್ಲುತ್ತಿತ್ತು. ಅಂಗಡಿ ದೂರ, ಪತ್ರಿಕೆ ಅಪರೂಪ. ಬಂದವನು ಸೂಜಿಯ ಜತೆಗೆ ಸುದ್ದಿಯನ್ನೂ ತರುತ್ತಿದ್ದ. ರಾತ್ರಿ ತಂಗಿದರೆ ಒಲೆಯ ಬಳಿ ಹುಲ್ಲಿನ ಹಾಸಿಗೆ. ಕತೆ ಬಲ್ಲವನಾದರೆ ನೆರೆಕರೆಯವರೂ ಬಂದು ಕೂರುತ್ತಿದ್ದರು. ಬಡವನನ್ನು ಬರಿಗೈಯಲ್ಲಿ ಕಳುಹಿಸಿದರೆ ಮನೆಗೆ ಕೇಡೆಂಬ ಅಂಜಿಕೆಯೂ ಇತ್ತೆನ್ನಿ.

ಬೇಡುವವರೆಲ್ಲ ಹುಟ್ಟು ಅಲೆಮಾರಿಗಳೆಂದು ತಿಳಿಯಬಾರದು. ಅಲ್ಲಿನ ಕೂಲಿಕಾರನಿಗೆ ಆಲೂಗಡ್ಡೆಯೇ ಅನ್ನ. ಹಳೆಯ ಬೆಳೆ ತೀರಿ ಹೊಸದು ಬಾರದ ಜುಲೈ, ನಮ್ಮ ಆಟಿಯಂತೆ, ಹಸಿವಿನ ತಿಂಗಳು. ಗಂಡ ಕೊಯ್ಲಿನ ಕೆಲಸಕ್ಕೆ ಇಂಗ್ಲೆಂಡಿಗೋ ಸ್ಕಾಟ್ಲೆಂಡಿಗೋ ಹೋದರೆ, ಹೆಂಡತಿ ಗುಡಿಸಲಿನ ಬಾಗಿಲೆಳೆದು ಮಕ್ಕಳೊಂದಿಗೆ ಭಿಕ್ಷೆಗೆ ಹೊರಡುತ್ತಿದ್ದಳು. ತನ್ನೂರಿನಲ್ಲಲ್ಲ, ಗುರುತು ಹತ್ತದಷ್ಟು ದೂರದಲ್ಲಿ. 1833ರಿಂದ 1836ರವರೆಗೆ ನಡೆದ ಸರಕಾರಿ ವಿಚಾರಣೆಯಲ್ಲಿ ಇದೆಲ್ಲ ದಾಖಲಾಗಿದೆ. ಹೆಚ್ಚಾಗಿ ಕೊಡುತ್ತಿದ್ದವರು ದೊಡ್ಡ ಜಮೀನುದಾರರಲ್ಲ, ಸಣ್ಣ ಒಕ್ಕಲುಗಳು. ಕೊಟ್ಟದ್ದು ದುಡ್ಡಲ್ಲ, ನಾಲ್ಕಾರು ಆಲೂಗಡ್ಡೆ. ಇಂದು ಕೊಟ್ಟವಳು ಬರುವ ವರ್ಷ ಬೇಡಬೇಕಾದೀತು.

ಸರಕಾರ 1838ರಲ್ಲಿ ಬಡವರ ಕಾಯಿದೆ ತಂದು ದುಡಿಮೆಮನೆಗಳನ್ನು ಕಟ್ಟಿಸಿತು. ಒಳಹೊಕ್ಕರೆ ಗಂಡ, ಹೆಂಡತಿ, ಮಕ್ಕಳು ಬೇರೆಬೇರೆ. ಅದಕ್ಕಿಂತ ದಾರಿಯೇ ಲೇಸೆಂದವರು ಅನೇಕರು. ಮುಂದೆ 1845ರಲ್ಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು. ದಾರಿಹೋಕರೊಂದಿಗೆ ಜ್ವರ ಬರುವುದೆಂಬ ಭಯದಿಂದ, ತೆರೆದೇ ಇರುತ್ತಿದ್ದ ಬಾಗಿಲುಗಳೂ ಮುಚ್ಚಿದವು.

ತಗಡುಗೆಲಸದವರ ಕತೆ ಬೇರೆಯೇ. ಅವರದು ತಮ್ಮದೇ ಮಾತುಳ್ಳ ಪ್ರತ್ಯೇಕ ಸಮುದಾಯ. ಕ್ಷಾಮದಲ್ಲಿ ನೆಲ ಕಳಕೊಂಡವರ ಸಂತತಿಯೆಂದು ಬಹುಕಾಲ ನಂಬಲಾಗಿತ್ತು. ಅದಕ್ಕೂ ಹಿಂದೆಯೇ ಅವರು ಬೇರೆಯಾಗಿದ್ದರೆಂದು 2017ರ ವಂಶವಾಹಿ ಅಧ್ಯಯನವೊಂದು ತೋರಿಸಿತು. ಪ್ಲಾಸ್ಟಿಕ್ ಬಂದು ಅವರ ಕಸುಬು ಕೆಟ್ಟಿತು, ಪೇಟೆಯ ಅಂಚಿನ ಬಿಡಾರಗಳಿಗೆ ಸರಿಯಬೇಕಾಯಿತು. ಐರಿಷ್ ಸರಕಾರ ಅವರನ್ನು ಒಂದು ಪ್ರತ್ಯೇಕ ಜನಾಂಗವೆಂದು ಒಪ್ಪಿಕೊಂಡದ್ದು ಅದೇ ವರ್ಷದ ಮಾರ್ಚ್ 1ರಂದು.